ಅಕ್ಕಾರು ಹೇಳಿಟ್ಟ ಇಪ್ಪತ್ತು ಮರಿಗಳು

ಫೋನಿನಲ್ಲಿ ‘ಬೇಡ’ ಎನ್ನುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ತರಗತಿಯಲ್ಲಿ ನಾನು ಗದರಿದರೆ ಪಕ್ಕದ ಕೋಣೆಯ ಹುಡುಗರೂ ಪುಸ್ತಕ ತೆರೆಯುತ್ತಾರೆ ಎಂಬ ಹೆಸರಿದೆ. ಆದರೆ ಫೋನಿನಲ್ಲಿ ಯಾರೋ ಗುರುತಿಲ್ಲದವರು “ಸರ್, ಎರಡೇ ನಿಮಿಷ” ಎಂದರೆ ಸಾಕು, ನನ್ನ ನಾಲಿಗೆ ಮೆತ್ತಗಾಗಿಬಿಡುತ್ತದೆ. ಹೀಗಾಗಿಯೇ ನಮ್ಮ ಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರಗಳು ಎರಡಿವೆ, ಬೆನ್ನು ತಿಕ್ಕುವ ಯಂತ್ರ ಒಂದಿದೆ, ಕೆರೆಯ ಮುಖವನ್ನೇ ನೋಡದ ನನಗೆ ಮೀನು ಸಾಕಣೆಯ ಮಾಸಪತ್ರಿಕೆ ತಪ್ಪದೆ ಬರುತ್ತದೆ. ಇದಕ್ಕಿಂತ ಹೆಚ್ಚು ಹಾನಿಯಾಗದಂತೆ ತಡೆದವಳು ನನ್ನ ಹೆಂಡತಿ ಸುಮಿತ್ರಾ. ನನ್ನ ಮುಖದ ಬಣ್ಣ ನೋಡಿಯೇ ಫೋನು ಕಸಿದುಕೊಂಡು, “ಅವ್ರು ಮನ್ಯಾಗಿಲ್ರಿ” ಎಂದು ಇಟ್ಟುಬಿಡುತ್ತಿದ್ದಳು. ಎದುರಿಗೇ ಕೂತಿರುತ್ತಿದ್ದ ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ಕಳೆದ ಶ್ರಾವಣದಲ್ಲಿ ಸುಮಿತ್ರಾ ಹೋದಳು. ಬೆಳಿಗ್ಗೆ ಕಾಯಿಪಲ್ಯ ಹೆಚ್ಚುತ್ತಿದ್ದವಳು ಎದೆಯಲ್ಲಿ ಏನೋ ಭಾರ ಎಂದಳು. ನಾನು ಆಟೋ ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾಲ್ಕಿಯಿಂದ ಬಂದ ಮಗಳು ಹದಿನೈದು ದಿನ ಜೊತೆಗಿದ್ದಳು. ಹೊರಡುವಾಗ, “ಅಪ್ಪಾ, ಅವ್ವನ ಫೋನ್ ಬಂದ್ ಮಾಡಿಬಿಡ್ರಿ. ನೋಡಿ ನೋಡಿ ಸಂಕಟ ಆಗ್ತದ” ಎಂದಳು. ಆಗಲೆಂದೆ. ಆಕೆ ಬಸ್ಸು ಹತ್ತಿದ ಮೇಲೆ ಮನೆಗೆ ಬಂದು ಅದನ್ನು ಚಾರ್ಜಿಗೆ ಹಾಕಿದೆ. ಅಂದಿನಿಂದ ದಿನಾ ಹಾಕುತ್ತಿದ್ದೆ. ಏಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಲೆಕ್ಕಗಳೂ ಇರುತ್ತವೆಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಅವರು ನಂಬಿರಲಿಲ್ಲ.

ಚಳಿ ಹಿಡಿದ ದಿನಗಳಲ್ಲಿ ಒಂದು ಭಾನುವಾರ ಆ ಫೋನು ರಿಂಗಾಯಿತು. ಎತ್ತಿದೆ.

“ಸಲಾಮ್ರಿ ಅಕ್ಕಾರ. ನಾ ಹುಮನಾಬಾದದಿಂದ ಹಿಂಡಿ ಅಂಗಡಿ ಖಾಜಾಸಾಬ. ನೀವು ಬ್ಯಾಸಿಗ್ಯಾಗ ಹೇಳಿಟ್ಟ ಕೋಳಿಮರಿ ಈಗ ಬಂದಾವ್ ನೋಡ್ರಿ, ಇಪ್ಪತ್ತು. ಎಲ್ಲಾ ಗಿರಿರಾಜ ಜಾತೀವು.”

“ನಾನು… ಅವರ ಯಜಮಾನ ಮಾತಾಡಾಕತ್ತೀನ್ರಿ” ಎಂದೆ.

“ಓಹೋ, ಮಾಸ್ತರು! ಅಕ್ಕಾರು ಎಲ್ಲ್ಯದಾರ್ರಿ?”

“ಹೊರಗ ಹೋಗ್ಯಾರ್ರಿ.”

“ಯಾವಾಗ ಬರ್ತಾರ?”

“ಗೊತ್ತಿಲ್ರಿ” ಎಂದೆ. ಯಾವುದೂ ಪೂರ್ತಿ ಸುಳ್ಳಲ್ಲ ಎಂದು ಆ ಕ್ಷಣಕ್ಕೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬೇಮಳಖೇಡದಲ್ಲಿ ಹುಟ್ಟಿ ಬೆಳೆದ ಸುಮಿತ್ರಾಗೆ ಕೋಳಿಗಳೆಂದರೆ ಜೀವ. ಮದುವೆಯಾದ ವರ್ಷದಿಂದಲೇ ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕೋಣವೆಂದು ಕೇಳುತ್ತಿದ್ದಳು. ನಾನು ನಾತ, ಬೆಕ್ಕು, ಅಕ್ಕಪಕ್ಕದವರ ಮಾತು ಎಂದು ಅಂಕಿ ಹಾಕಿ ಕಾರಣ ಕೊಡುತ್ತಿದ್ದೆ. ಹೋದ ಬೇಸಿಗೆಯಲ್ಲಿ ಆಕೆ ಹಿತ್ತಿಲ ಹಳೆಯ ಬಚ್ಚಲನ್ನು ಗುಡಿಸಿ, ಸಾರಿಸಿ, ಕಿಟಕಿಗೆ ತಂತಿಯ ಜಾಳಿಗೆ ಹೊಡೆಸಿದ್ದಳು. ಏಕೆಂದು ಕೇಳಿದ್ದಕ್ಕೆ “ಕಟ್ಟಿಗಿ ಇಡಾಕ” ಎಂದಿದ್ದಳು. ನಮ್ಮ ಮನೆಯಲ್ಲಿ ಗ್ಯಾಸ್ ಬಂದು ಇಪ್ಪತ್ತು ವರ್ಷವಾಗಿದೆ. ಗಣಿತ ಮಾಸ್ತರನಾದ ನನಗೆ ಆ ಎರಡನ್ನು ಕೂಡಿಸಲು ಆಗಿರಲಿಲ್ಲ.

ಮರಿಗಳು ಬೇಡವೆಂದು ಹೇಳಲೇಬೇಕಲ್ಲ. ಫೋನಿನಲ್ಲಿ ಆಗದ್ದು ಎದುರಿಗೆ ಆದೀತೆಂದು ಅಂದೇ ಹುಮನಾಬಾದದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿದೆ. ಅಂಗಡಿಯಲ್ಲಿ ದನಕ್ಕೆ ಹಾಕುವ ಶೇಂಗಾ ಹಿಂಡಿಯ ಚೀಲಗಳ ನಡುವೆ, ಉರಿಯುವ ಬಲ್ಬಿನ ಕೆಳಗೆ ಅಗಲವಾದ ರಟ್ಟಿನ ಡಬ್ಬಿ. ಅದರೊಳಗೆ ಹಳದಿ, ಕಂದು, ಬೂದಿ ಬಣ್ಣದ ಮರಿಗಳು ಒಂದರ ಮೇಲೊಂದು ಹತ್ತಿ ಚಿಂವ್ ಚಿಂವ್ ಎನ್ನುತ್ತಿದ್ದವು. ಖಾಜಾಸಾಬರು ಅರವತ್ತರ ಆಸುಪಾಸಿನವರು, ಮೈಮೇಲೆ ಬೂಸಾದ ಧೂಳು, ಬಾಯ್ತುಂಬ ಮಾತು.

“ಅಕ್ಕಾರು ಐದಾರು ಸರ್ತಿ ಬಂದಿದ್ರು ಸರ್. ಡಬ್ಬ್ಯಾಗ ಕೈ ಇಟ್ಟು ನಿಂತ್ರ, ಮರಿ ಎಲ್ಲಾ ಬಂದು ಅಂಗೈ ಮ್ಯಾಲ ಕುಂದರ್ತಿದ್ವು. ‘ನಮ್ಮ ಮಾಸ್ತರಿಗೆ ತಿಳೀಬಾರದ್ರಿ’ ಅಂತಿದ್ರು. ನಾ ಕೇಳ್ದೆ, ‘ಯಾಕ್ರಿ ಅಕ್ಕಾರ, ಮಾಸ್ತರು ಭಾಳ ಸಿಟ್ಟಿನವರೇನು?’ ‘ಛೇ, ಯಾರಿಗೂ ಒಲ್ಲೆ ಅನ್ನಾಕ ಬರಂಗಿಲ್ರಿ ಅವರಿಗೆ. ನನಗ ಒಬ್ಬಾಕಿಗಿ ಅಷ್ಟ ಅಂತಾರ’ ಅಂತ ನಕ್ರು.”

ಬಾಯಿಪಾಠ ಮಾಡಿದ ವಾಕ್ಯ ಅಲ್ಲಿಗೆ ಮುಗಿಯಿತು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಯಾರ ಯಾರಿಗೋ ‘ಆಗಲಿ’, ‘ಹೂಂ’, ‘ಸರಿ’ ಎಂದವನು ನಾನು. ಬೆನ್ನು ತಿಕ್ಕುವ ಯಂತ್ರಕ್ಕೂ ಬೇಡವೆನ್ನದವನು ಬೇಡವೆಂದದ್ದು ಒಬ್ಬಳಿಗೇ. ಹಾಗೆಂದು ಆಕೆಗೆ ಗೊತ್ತಿತ್ತು, ಹಿಂಡಿ ಅಂಗಡಿಯವರಿಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಆಗ. ಖಾಜಾಸಾಬರು ಚಿಕ್ಕ ಡಬ್ಬಿಯೊಂದಕ್ಕೆ ತೂತು ಹೊಡೆದು ಇಪ್ಪತ್ತು ಮರಿ ಎಣಿಸಿ ಹಾಕಿದರು. ದಾರ ಕಟ್ಟಿ ನನ್ನ ಕೈಗಿಟ್ಟು, “ಅಕ್ಕಾರಿಗೆ ಸಲಾಮ್ ಹೇಳ್ರಿ. ಮೊದಲಿಗಿ ಬೆಲ್ಲದ ನೀರು ಕುಡಸ್ರಿ ಅಂತ ಹೇಳ್ರಿ. ಹೇಳೂದೇನು, ಅವರಿಗೆ ಎಲ್ಲಾ ಗೊತ್ತದ” ಎಂದರು.

ಬಸ್ಸಿನಲ್ಲಿ ಡಬ್ಬಿ ಚಿಂವ್ ಎಂದಾಗಲೆಲ್ಲ ಮುಂದಿನ ಸೀಟಿನವನು ಜೇಬಿನಿಂದ ಮೊಬೈಲು ತೆಗೆದು ನೋಡಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಮುದುಕಿ ತೂತಿನೊಳಗೆ ಒಂದು ಕಣ್ಣಿಟ್ಟು ನೋಡಿ, “ಮನ್ಯಾಗ ಹೆಣ್ಮಕ್ಕಳು ಅದಾರಿಲ್ಲಪಾ? ಗಂಡಸರ ಕೈಯಾಗ ಇವು ಉಳಿಯಂಗಿಲ್ಲ” ಎಂದಳು. ಅದಾರೆ ಎಂದೆ. ಒಂದೇ ದಿನದಲ್ಲಿ ಸುಳ್ಳು ಎಷ್ಟು ಸಲೀಸಾಗಿಬಿಟ್ಟಿತ್ತೆಂದರೆ ನನಗೇ ಗಾಬರಿಯಾಯಿತು.

ಹಳೆಯ ಬಚ್ಚಲಿನಲ್ಲಿ ಬಲ್ಬು ಕಟ್ಟಿ, ಕೆಳಗೆ ಮೀನು ಸಾಕಣೆಯ ಪತ್ರಿಕೆ ಹಾಸಿದೆ. ಅದಕ್ಕೂ ಒಂದು ಉಪಯೋಗವಾಯಿತು. ಮರಿಗಳನ್ನು ಬಿಟ್ಟು, ಬೆಲ್ಲದ ನೀರಿಟ್ಟು, ಒಲೆ ಊದುವವನಂತೆ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಅವುಗಳ ನಡುವೆ ಕೈ ಇಟ್ಟೆ. ಇಪ್ಪತ್ತೂ ಮರಿಗಳು ಓಡಿಹೋಗಿ ಮೂಲೆ ಸೇರಿದವು. ಮಾರನೆಯ ದಿನದಿಂದ ಖಾಜಾಸಾಬರ ಫೋನು ಶುರುವಾಯಿತು. “ಅಕ್ಕಾರಿಗೆ ಕೊಡ್ರಿ ಜರಾ.” ಅಕ್ಕಾರು ಸ್ನಾನಕ್ಕೆ ಹೋದರು, ಪೂಜೆಗೆ ಕೂತರು, ನಾರಾಯಣಪುರದ ಗುಡಿಗೆ ಹೋದರು, ತವರಿಗೆ ಹೋದರು. ಬದುಕಿದ್ದಾಗ ಆಕೆಯನ್ನು ನಾನು ಇಷ್ಟು ಕಡೆ ಕಳಿಸಿರಲಿಲ್ಲ. ಎರಡು ಮರಿ ಸತ್ತವು. “ಅಷ್ಟು ಹೋಗ್ತಾವ್ರಿ, ಫಿಕರ್ ಮಾಡಬ್ಯಾಡ್ರಿ” ಎಂದರು ಅವರು.

ಎರಡನೆಯ ವಾರ ಒಂದು ಬೆಳಿಗ್ಗೆ ಶಾಲೆಗೆ ಹೊರಟವನು ಎಂದಿನ ಅಭ್ಯಾಸದಂತೆ ಮನೆಯ ದೀಪಗಳನ್ನೆಲ್ಲ ಆರಿಸಿದೆ. ಬಚ್ಚಲದ್ದನ್ನೂ ಆರಿಸಿದೆ. ಹೊರಗೆ ಬಾಯಿಂದ ಹೊಗೆ ಬರುವ ಚಳಿ. ಸಂಜೆ ಬಂದು ನೋಡಿದರೆ ಮರಿಗಳು ಮೂಲೆಯಲ್ಲಿ ಗುಡ್ಡೆಯಾಗಿದ್ದವು. ಬೆಚ್ಚಗಾಗಲೆಂದು ಒಂದರಡಿ ಒಂದು ನುಗ್ಗಿ, ಕೆಳಗಿನವು ಉಸಿರುಕಟ್ಟಿದ್ದವು. ಹನ್ನೆರಡು ಸತ್ತಿದ್ದವು. ಬೇರೆ ಬೇರೆ ಮಾಡಿ ಪತ್ರಿಕೆಯ ಮೇಲೆ ಸಾಲಾಗಿ ಇಡುತ್ತಿರುವಾಗಲೇ ಫೋನು ಬಂತು. ನಡೆದದ್ದನ್ನು ಹೇಳಿದೆ.

“ಅಯ್ಯೋ, ಬಲ್ಬ್ ಬಂದ್ ಮಾಡಿದವರು ಯಾರ್ರಿ?”

ಆಗ ನನ್ನ ಬಾಯಿಂದ ಹೊರಟ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. “ಅಕೀನೇ ಮರೆತು ಆರಿಸಿದಳ್ರಿ” ಎಂದೆ.

“ಇರ್ಲಿ ಬಿಡ್ರಿ ಸರ್. ಅಕ್ಕಾರಿಗೆ ಬೈಬ್ಯಾಡ್ರಿ. ಮೊದಲೇ ಅವರ ಜೀವ ಎಷ್ಟು ಚುರುಗುಟ್ಟಾಕತ್ತದೋ” ಎಂದರು.

ಹಿತ್ತಿಲಲ್ಲಿ ಗುಂಡಿ ತೋಡಿ ಹನ್ನೆರಡನ್ನೂ ಮುಚ್ಚಿದೆ. ಊಟ ಸೇರಲಿಲ್ಲ. ಮಾರನೆಯ ದಿನ ಶಾಲೆಗೆ ರಜೆ ಹಾಕಿ ಮೊದಲ ಬಸ್ಸಿಗೆ ಹುಮನಾಬಾದಕ್ಕೆ ಹೋದೆ. ಖಾಜಾಸಾಬರು ಆಗಷ್ಟೇ ಶೆಟರ್ ಎತ್ತುತ್ತಿದ್ದರು. ಅದು ಪೂರ್ತಿ ಏಳುವ ಮೊದಲೇ ಹೇಳಿಬಿಟ್ಟೆ.

“ಸಾಬ್, ಬಲ್ಬ್ ಆರಿಸಿದಾವ ನಾನು. ಅಕಿ ಇಲ್ರಿ. ಶ್ರಾವಣದಾಗ ತೀರಿಕೊಂಡಳು.”

ಅವರು ಶೆಟರಿನ ಕೋಲು ಹಿಡಿದೇ ನಿಂತರು. ಆಮೇಲೆ ಹಿಂಡಿ ಚೀಲದ ಮೇಲೆ ಕುಸಿದು ಕೂತರು. ಅಳುತ್ತಾರೇನೋ ಅಂದುಕೊಂಡೆ. ಸಿಟ್ಟಾದರು.

“ಎರಡು ವಾರದಿಂದ ಸತ್ತವರಿಗೆ ಸಲಾಮ್ ಹೇಳ್ಸಿದ್ರಲ್ರಿ ನನ್ನ ಕಡಿಂದ! ಅದರ ಮ್ಯಾಲ ತಪ್ಪನ್ನೂ ಅವರ ತಲಿಗೇ ಕಟ್ಟಿದ್ರಿ. ಕಲಿತವರ್ರಿ ನೀವು, ಮಕ್ಕಳಿಗಿ ಹೇಳಿಕೊಡಾವ್ರು!”

ನಾನು ತಲೆ ತಗ್ಗಿಸಿ ನಿಂತೆ. ನನ್ನ ಎದುರು ಹೋಂವರ್ಕ್ ಮಾಡದೆ ನಿಂತವರ ಮೋರೆ ಹೇಗಿರುತ್ತದೆಂದು ಬಲ್ಲೆ, ಅಂದು ನನ್ನದೂ ಹಾಗೇ ಇದ್ದಿರಬೇಕು. ಬಹಳ ಹೊತ್ತಾದ ಮೇಲೆ ಅವರು ಚಹಾ ತರಿಸಿದರು. “ಹ್ಯಾಂಗ ಆತ್ರಿ?” ಎಂದು ಮೆಲ್ಲಗೆ ಕೇಳಿದರು. ಹೇಳತೊಡಗಿದೆ. ಕಾಯಿಪಲ್ಯ, ಎದೆಯ ಭಾರ, ಆಟೋ. ಹೇಳುತ್ತಿರುವಾಗ ಹೊಳೆಯಿತು, ನಾನು ಇದನ್ನು ಈವರೆಗೆ ಯಾರಿಗೂ ಹೇಳಿಯೇ ಇರಲಿಲ್ಲ. ನಮ್ಮ ಓಣಿಯಲ್ಲಿ, ಶಾಲೆಯಲ್ಲಿ, ನೆಂಟರಲ್ಲಿ ಎಲ್ಲರೂ ಗೊತ್ತಾಗಿಯೇ ಬಂದವರು. ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಇವರೊಬ್ಬರಿಗೆ. ಚಹಾ ಕೈಯಲ್ಲೇ ಆರಿತು. ಅಂಗಡಿಗೆ ಬಂದ ಒಬ್ಬ ರೈತ ಬೂಸಾ ಕೇಳದೆ, ನಮ್ಮಿಬ್ಬರನ್ನೂ ನೋಡಿ ಹಾಗೆಯೇ ಹೋದ.

ಖಾಜಾಸಾಬರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ಈಗ ಎಷ್ಟು ಉಳದಾವ?”

“ಆರು.”

“ಅವನ್ನ ನೋಡ್ಕೊಳಾಕ ಹಂತೇಕ ಯಾರದಾರ?”

“ಯಾರೂ ಇಲ್ರಿ.”

“ಹಂಗಾದ್ರ ಇಲ್ಲ್ಯಾಕ ಕುಂತೀರಿ ಮತ್ತ? ಏಳ್ರಿ, ಬಸ್ ಬರೂ ಹೊತ್ತಾತು” ಎಂದು ರಟ್ಟೆ ಹಿಡಿದು ಎಬ್ಬಿಸಿದರು.

ಆ ಆರೂ ಉಳಿದವು. ಈಗ ಅವಕ್ಕೆ ಪುಕ್ಕ ಮೂಡಿ, ನೋಡಲು ಅರ್ಧ ಹೊಲಿದು ಬಿಟ್ಟ ಅಂಗಿ ತೊಟ್ಟಂತಿವೆ. ನನ್ನ ಅಂಗೈ ಮೇಲೆ ಇನ್ನೂ ಒಂದೂ ಕೂತಿಲ್ಲ. ಖಾಜಾಸಾಬರು ಈಗ ನನ್ನ ಫೋನಿಗೇ ಮಾಡುತ್ತಾರೆ, ದಿನಾ ಸಂಜೆ. ಮರಿಗಳ ವಿಷಯ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ, ಆದರೂ ಇಡುವುದಿಲ್ಲ. ನಿನ್ನೆ “ಊಟ ಆತೇನ್ರಿ?” ಎಂದರು. ಕೇಳಿದ್ದು ಮರಿಗಳನ್ನೋ ನನ್ನನ್ನೋ ತಿಳಿಯಲಿಲ್ಲ. ಎರಡಕ್ಕೂ ಸೇರಿಸಿ “ಆತ್ರಿ” ಎಂದೆ. ಮರಿಗಳ ಮಟ್ಟಿಗೆ ಅದು ನಿಜವಾಗಿತ್ತು.