ಸೊನ್ನೆ ಯಾವುದು, ಒಂದು ಯಾವುದು?

ಹೆಂಡತಿಗೆ ನೆರವಾಗುವ ಗಂಡಸಿಗೆ ಈ ಪ್ರಪಂಚದಲ್ಲಿ ಬೆಲೆಯೇ ಇಲ್ಲ ಎಂಬುದು ವಗ್ದಿಯ ಅಚಲ ನಂಬಿಕೆ. ಮನ್ಸೂರಾ ಊರಿನ ಅವನ ಮನೆಯಲ್ಲಿ ಮರಿ ಮಾಡಿಸುವ ಪೆಟ್ಟಿಗೆಗಳು ಎರಡು: ಒಂದರಲ್ಲಿ ಹೆಂಡತಿ ಇನ್ಶಿರಾಹ್ ಜೋಡಿಸಿಟ್ಟ ನಲವತ್ತು ಬಾತುಮೊಟ್ಟೆ, ಇನ್ನೊಂದರಲ್ಲಿ ಅರವತ್ತು ಕೋಳಿಮೊಟ್ಟೆ. "ಇನ್ಮೇಲೆ ನೀನು ಬೆರಳೂ ಅಲ್ಲಾಡಿಸ್ಬೇಡ" ಎಂದು ಅವನು, ಇಷ್ಟು ವರ್ಷ ಅವಳು ಕೈಯಲ್ಲಿ ಮಾಡುತ್ತಿದ್ದ ಮೊಟ್ಟೆ ಹೊರಳಿಸುವ ಕೆಲಸವನ್ನು ಮೋಟಾರಿಗೆ ವಹಿಸಿ, ಎರಡನ್ನೂ ಅವಳಿಜವಳಿಯಂತಿದ್ದ ಎರಡು ಕೇಬಲ್ಲುಗಳಿಂದ ಕಂಪ್ಯೂಟರಿಗೆ ಬಿಗಿದಿದ್ದ. (ನೀರು ತುಂಬುವುದು, ಒರೆಸುವುದು, ಗುಡಿಸುವುದು ಬೆರಳಿನ ಲೆಕ್ಕಕ್ಕೆ ಬರುವುದಿಲ್ಲ.)

ಬಾತುಮರಿ ಹೊರಬರಲು ಇನ್ನು ಮೂರೇ ದಿನ. ಇವತ್ತೇ ಆ ಮೊಟ್ಟೆಗಳನ್ನು ಹೊರಳಿಸುವುದು ನಿಲ್ಲಬೇಕು. ಇಲ್ಲವಾದರೆ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಕೋಳಿಮೊಟ್ಟೆಯನ್ನಾದರೋ ಗಂಟೆಗೊಮ್ಮೆ ಹೊರಳಿಸಲೇಬೇಕು.

"ಬಾತಿನ ಕೇಬಲ್ ಮೇಲೆ ಸೊನ್ನೆ ಬರ್ದಿದ್ದೆ. ಎಲ್ಲಿ?" ಎಂದು ವಗ್ದಿ ಗುಡುಗಿದ.

ಅರಬ್ಬಿಯಲ್ಲಿ ಸೊನ್ನೆಯೆಂದರೆ ಬರೀ ಒಂದು ಚುಕ್ಕೆ.

"ನೊಣದ ಕಲೆ ಅಂತ ಒರೆಸಿಬಿಟ್ಟೆ," ಎಂದಳು ಇನ್ಶಿರಾಹ್. "ಅಲ್ಲಾ, ಬಾಷ್‌ಮುಹಂದಿಸ್ ಸಾಹೇಬ್ರೇ, ನಿಮ್ಮ ಚುಕ್ಕೇನ ಕಂಪ್ಯೂಟರ್ ಓದತ್ತಾ?"

ಬಾಷ್‌ಮುಹಂದಿಸ್ ಎಂದರೆ ಮಹಾ ಎಂಜಿನಿಯರು. ಅವಳ ಬಾಯಲ್ಲಿ ಅದು ಬಂದರೆ ಏನೋ ಕೆಟ್ಟಿದೆಯೆಂದೇ ಅರ್ಥ.

"ಓದಲ್ಲ," ವಗ್ದಿ ಮೆತ್ತಗಾದ. "ಕರೆಂಟು ಹೋಗಿ ಬಂದಾಗ ಯಾವ್ದು ಮೊದ್ಲು ಓಗೊಡತ್ತೋ ಅದಕ್ಕೆ ಸೊನ್ನೆ ಅನ್ನತ್ತೆ, ಇನ್ನೊಂದಕ್ಕೆ ಒಂದು. ಬೆಳಿಗ್ಗೆ ಕರೆಂಟು ಹೋಗಿತ್ತಲ್ಲ."

"ನಮ್ಮ ಕ್ಲಾಸಲ್ಲಿ ಸನಿಯ್ಯಾ ಅನ್ನೋ ಹೆಸರಿನ ಹುಡುಗೀರು ಇಬ್ರು ಇದ್ರು. ಅವ್ರು ಕೂತ ಬೆಂಚು ನೋಡಿ ಟೀಚರು ಕರೀತಿದ್ರು."

ವಗ್ದಿ ತೊಡೆ ತಟ್ಟಿಕೊಂಡ. "ನೋಡು, ನಂಗೆ ಎಂಥಾ ಉಪಾಯ ಹೊಳೀತು! ಕೇಬಲ್ಲು ಕಂಪ್ಯೂಟರಿನ ಯಾವ ತೂತಲ್ಲಿದೆ ಅಂತ ನೋಡಿ ಗುರುತು ಹಿಡಿಯೋದು!"

ಮೊದಲನೇ ತೂತು ಬಾತು, ಎರಡನೇದು ಕೋಳಿ ಎಂದು ಕಂಪ್ಯೂಟರಿಗೆ ಶಾಸನ ಬರೆದ. ಬಾತಿನ ಕೇಬಲ್ಲನ್ನು ಬಲಗಡೆಯ ತೂತಿಗೆ ಚುಚ್ಚಿದ. ಬಲದಿಂದ ಎಡಕ್ಕೆ ಓದಿ ಬೆಳೆದವನಿಗೆ ಮೊದಲನೆಯದು ಬಲಗಡೆಯದೇ. ಕಂಪ್ಯೂಟರು ಅವನ ಶಾಲೆಯಲ್ಲಿ ಓದಿದ್ದಲ್ಲ. ಅದು ಎಡದಿಂದ ಎಣಿಸಿತು.

ಬಾತಿನ ಮೋಟಾರು ನಿಲ್ಲಿಸುವ ಗುಂಡಿ ಒತ್ತಿದ. ಗರಗರ ಸದ್ದು ಅರ್ಧಕ್ಕಿಳಿಯಿತು.

"ನಿಂತಿತು!"

"ನಿಂತಿದ್ದು ಕೋಳೀದು!" ಇನ್ಶಿರಾಹ್ ಓಡಿ ಬಾತಿನ ಪೆಟ್ಟಿಗೆಯ ಮೋಟಾರಿನ ತಂತಿ ಕಿತ್ತಳು. ಮುಚ್ಚಳಕ್ಕೆ ಕಿವಿಯಿಟ್ಟಳು. ಒಳಗೆ ಟಕ್ ಟಕ್, ಬಾತುಗಳು ಬದುಕಿದ್ದವು.

"ಇನ್ನೊಂದ್ಸಲ ನೋಡ್ತೀನಿ, ಈಗ ಸರಿಹೋಗತ್ತೆ—"

"ಮರಿ ಹೊರಗೆ ಬರೋವರೆಗೂ ಕಂಪ್ಯೂಟರ್ ಮುಟ್ಟೋ ಹಾಗಿಲ್ಲ. ಕೈ ತೊಳ್ಕೊಂಡು ಬನ್ನಿ. ಕೋಳಿಮೊಟ್ಟೆ ಕೈಯಲ್ಲಿ ಹೊರಳಿಸೋದು ನಿಮ್ದು."

ವಗ್ದಿ ಮಂಡಿಯೂರಿದ. ಹನ್ನೆರಡನೆಯ ಮೊಟ್ಟೆಗೆ ಬೆವರಿದ.

"ಲೇ, ಎಲ್ಲಾ ಒಂದೇ ಥರ ಇವೆ ಕಣೇ! ಹೊರಳಿಸಿದ್ದು ಯಾವ್ದು, ಹೊರಳಿಸದೇ ಇರೋದು ಯಾವ್ದು ಅಂತ ಹೇಗೆ ಗೊತ್ತಾಗೋದು?"

ಇನ್ಶಿರಾಹ್ ಅವನ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು.

"ಮದುವೆಯಾಗಿ ಹತ್ತೊಂಬತ್ತು ವರ್ಷ ಆಯ್ತು. ಈ ಪ್ರಶ್ನೆ ನಿಮಗೆ ಬಂದಿದ್ದು ಇವತ್ತಾ?"