ಮಗ್ಗದ ಕುಣಿಯಲ್ಲಿ ಮೂರು ಕಡ್ಡಿ

ನನ್ನ ಸೋದರಮಾವನಷ್ಟು ಅವಸರದ ಮನುಷ್ಯ ಇಳಕಲ್ಲಿನಲ್ಲಿ ಇನ್ನೊಬ್ಬರಿರಲಿಲ್ಲ. ಹೆಣ್ಣು ನೋಡಲು ಹೋದಾಗ ಚಹಾ ಆರುವುದರೊಳಗೆ ಒಪ್ಪಿಕೊಂಡು ಎದ್ದುಬಂದವರು. ಅಂಥವರು ಮೊಬೈಲ್ ಕಂಪನಿ ಆರಿಸಲು ಎಷ್ಟು ದಿನ ತೆಗೆದುಕೊಂಡರು ಗೊತ್ತೇ? ಹನ್ನೊಂದು ತಿಂಗಳು!

ಅವರ ಷರತ್ತು ಒಂದೇ: ಮಗ್ಗದ ಕುಣಿಯಲ್ಲಿ ಟವರ್ ಸಿಗಬೇಕು. ನಮ್ಮ ಕಡೆ ನೇಯುವವರು ಮಗ್ಗದ ಮುಂದಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಅತ್ತೆ ದಿನವಿಡೀ ಅಲ್ಲೇ. ಮೊಣಕಾಲು ನೋವು, ಮೇಲೇಳಲು ಐದು ನಿಮಿಷ. ಹಿಂದಿನ ವರ್ಷ ಕಲಾದಗಿಯಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದಾಗ, ಓಣಿಯ ಕಿರಾಣಿ ಅಂಗಡಿಗೆ ಫೋನು ಬಂದಿತ್ತು. ಅತ್ತೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಕಡೆಯವರು ಇಟ್ಟುಬಿಟ್ಟಿದ್ದರು. ಮರುದಿನದ ಫೋನಿನಲ್ಲಿ ಸಾವಿನ ಸುದ್ದಿ. ಈಗ ಕಲಾದಗಿಯಲ್ಲಿರುವುದು ತಂಗಿ ಒಬ್ಬಳೇ. ಅವಳ ಕರೆಯೊಂದೂ ಅತ್ತೆಗೆ ತಪ್ಪಬಾರದು ಎಂಬುದು ಮಾವನ ಹಟ.

"ಲ್ಯಾಂಡ್‌ಲೈನ್ ಹಾಕಿಸ್ರಿ ಮಾಮಾ" ಎಂದೆ.

"ವೈರು ಮಗ್ಗಕ್ಕ ತೊಡಕಿಕೊಂಡ್ರ ಬಿಡಿಸಾಕ ನೀ ಬಾಗಲಕೋಟಿಯಿಂದ ಬರ್ತೀಯೇನು?"

ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಸುಮ್ಮನಾದೆ. ಓದಿನಿಂದ ಅಷ್ಟಾದರೂ ಬುದ್ಧಿ ಬಂದಿತ್ತು.

ನೂಲು ಕೊಳ್ಳುವಾಗ ಒಂದೆಳೆ ಜಗ್ಗಿ ನೋಡದೆ ಬಿಟ್ಟವರಲ್ಲ ಮಾವ. ಸಿಮ್ ಮಾರುವವನ ಹತ್ತಿರವೂ ಅದೇ.

"ಮೊದಲ ಸ್ಯಾಂಪಲ್ ಕೊಡು."

"ಕಾಕಾ, ಇದು ಗಾಳ್ಯಾಗ ಬರೂದ್ರಿ!"

"ಹಂಗಾರ ಗಾಳೀನ ಒಂದೀಟು ಕೊಡು!"

ಕೊಡಲಿಲ್ಲ. ಆದ್ದರಿಂದ ಮನೆಗೆ ಬಂದ ಅತಿಥಿಗಳ ಫೋನುಗಳಿಗೆಲ್ಲ ಕುಣಿಯ ದರ್ಶನವಾಗತೊಡಗಿತು. ಹುನಗುಂದದ ಬೀಗರು ಒಮ್ಮೆ ಜೇಬು ತಡಕಾಡಿ ಗಾಬರಿಯಾದರು.

"ನನ್ನ ಫೋನ್ ಎಲ್ಲೈತ್ರಿ?"

"ಕುಣ್ಯಾಗ ಪರೀಕ್ಷಾಕ್ಕ ಕುಂತೈತಿ."

"ಪಾಸಾತೇನ್ರಿ?"

"ಫೇಲು. ನೀವು ಚಹಾ ಕುಡೀರಿ."

ಕೊನೆಗೆ ಮಾವ ಮೂರು ಕಂಪನಿಗಳ ಸಿಮ್ಮು, ಎರಡು ಎರವಲು ಫೋನು ಕೂಡಿಸಿಕೊಂಡು ಅಂತಿಮ ಪರೀಕ್ಷೆ ಇಟ್ಟರು. "ವಿಜ್ಞಾನ ಓದೀಯಲ್ಲ, ನೀ ಕುಣ್ಯಾಗ ಕುಂದ್ರು" ಎಂದು ನನ್ನನ್ನು ಅತ್ತೆಯ ಜಾಗದಲ್ಲಿ ಕೂರಿಸಿ, ತಾವು ಮೇಲಿನಿಂದ ಕರೆ ಮಾಡಲು ಏಣಿ ಹಾಕಿ ಮಣ್ಣಿನ ಮಾಳಿಗೆ ಹತ್ತಿದರು. ಎರಡು ಸಿಮ್ಮು ಫೇಲಾದವು. ಮೂರನೆಯದಕ್ಕೆ ಫೋನು ರಿಂಗಾಯಿತು!

"ಟವರ್ ಎಷ್ಟು ಕಡ್ಡಿ?"

"ಮೂರು ಅದಾವ್ರಿ ಮಾಮಾ!"

"ಇಲ್ಲಿ ಎರಡು. ತಡಿ, ಸರಿದು ನೋಡ್ತೇನಿ. ಮೂರಾತು... ನಾಕಾ..."

ನನ್ನ ತಲೆಯ ಮೇಲೆ ಒಮ್ಮೆಲೇ ಕತ್ತಲಾಯಿತು. ಮಗ್ಗಕ್ಕೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಎರಡು ಕಾಲು ಇಳಿದವು. ಫೋನಿನ ಕಡ್ಡಿ ನೋಡುತ್ತ ಮಾವ ಅದರೊಳಗೇ ಹೆಜ್ಜೆ ಇಟ್ಟಿದ್ದರು! ಕಂಕುಳವರೆಗೆ ಜಾರಿ, ಎರಡು ತೋಳಿನ ಮೇಲೆ ನೇತಾಡುತ್ತಿದ್ದರು. ಅಂಚಿನ ಮಣ್ಣು ನನ್ನ ಕಣ್ಣಿಗೆ ಸುರಿಯಿತು. ಕೆಳಗೆ ಮಗ್ಗದ ಗೂಟಗಳು, ಗೂಟಗಳ ನಡುವೆ ನಾನು.

ನಗುತ್ತೀರಾ? ನಗಿ. ನಾನೂ ಹೇಳುವಾಗ ನಗುತ್ತೇನೆ. ಆದರೆ ಕೂತ ಕೋಣೆಯಲ್ಲಿ ಬೆಳಕು ತುಸು ಮಂದವಾದರೂ ಇಂದಿಗೂ ತಲೆ ಎತ್ತಿ ನೋಡುತ್ತೇನೆ.

ಹೇಗೆ ಎದ್ದೆನೋ, ಅವರ ಅಂಗಾಲುಗಳನ್ನು ಹೆಗಲಿಗೆ ಆನಿಸಿಕೊಂಡು ನಿಂತೆ. ಮೊಣಕಾಲು ನೋವಿನ ಅತ್ತೆ ಅಂಗಳಕ್ಕೆ ಓಡಿ ಏಣಿಯನ್ನು ಒಬ್ಬರೇ ಎಳೆದು ತಂದರು. ಆದರೆ ಏಣಿ ನಿಲ್ಲಿಸುವುದೆಲ್ಲಿ? ಮಾವನ ಕೆಳಗೆ ನಾನು, ನನ್ನ ಮುಂದೆಲ್ಲ ಮಗ್ಗದ ಹಾಸು. ಸಾವಿರಾರು ಎಳೆ ಬಿಗಿದು ನಿಂತಿವೆ. ಅತ್ತೆ ಕತ್ತರಿ ತೆಗೆದುಕೊಂಡರು.

"ಏ! ಹಾಸು ಕತ್ತರಿಸಬ್ಯಾಡ!" ಮಾವನ ದನಿ ಮೇಲಿನಿಂದ ಒಮ್ಮೆ, ಕುಣಿಯಲ್ಲಿ ಬಿದ್ದಿದ್ದ ಫೋನಿನಿಂದ ಒಮ್ಮೆ ಬಂತು. "ಇನ್ನೂ ತಾಳ್ತೇನಿ ನಾ!"

"ನೀವು ತಾಳ್ತೀರಿ, ಮಾಳಗಿ ತಾಳೂದಿಲ್ಲ! ಸುಮ್ನ ಇರ್ರಿ!"

ಇಪ್ಪತ್ತು ವರ್ಷ ಮಗ್ಗಕ್ಕೆ ಕೂತವರು, ಹರಿದ ಒಂದೆಳೆಯನ್ನೂ ಕಟ್ಟದೆ ಬಿಡದವರು, ಅಡ್ಡಡ್ಡ ಕತ್ತರಿಸಿ ದಾರಿ ಮಾಡಿದರು. ಏಣಿ ನಿಂತಿತು. ಮಾವ ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಕೈಯಲ್ಲಿ ಫೋನು ಹಾಗೇ ಇತ್ತು.

ತರಚಿದ ಕಂಕುಳಿಗೆ ಅತ್ತೆ ಅರಿಶಿಣ ಹಚ್ಚಿದರು. ಆಮೇಲೆ ಅತ್ತೆ ತುಂಡಾದ ಎಳೆಗಳನ್ನು ಒಂದೊಂದಾಗಿ ಹುರಿ ಮಾಡಿ ಕೂಡಿಸತೊಡಗಿದರು. ಅದನ್ನೇ ನೋಡುತ್ತಿದ್ದ ಮಾವ ಹೇಳಿದರು:

"ಅವತ್ತ ಕಿರಾಣಿ ಅಂಗಡಿಯಾಂವ ಕರದಾಗ, ಸೆರಗು ಮುಗಿಸಿ ಹೋಗು ಅಂದಾಂವ ನಾನ."

ಇದು ನನಗೆ ಗೊತ್ತಿರಲಿಲ್ಲ. ಹನ್ನೊಂದು ತಿಂಗಳು ನಾವೆಲ್ಲ ನಕ್ಕಿದ್ದೆವು.

ಅತ್ತೆ ತಲೆ ಎತ್ತಲಿಲ್ಲ. "ಹೋಗು ಅಂದಿದ್ರೂ ನಾ ಏಳ್ತಿದ್ದಿಲ್ರಿ. ನೇಯೂದು ಅಷ್ಟಕ್ಕ ಬಿಟ್ಟು ಹ್ಯಾಂಗ ಏಳೂದು ಅಂತ ಕುಂತಿದ್ದೆ. ಇವತ್ತ ಕತ್ತರಿಸಿದ ಮ್ಯಾಲ ಗೊತ್ತಾತು, ಬಿಟ್ಟು ಏಳಬಹುದು ಅಂತ."

ಮಾವ ನೋಯುವ ತೋಳನ್ನು ಮೆಲ್ಲನೆ ಚಾಚಿ, ಅತ್ತೆಯ ಬೆರಳಿನಿಂದ ಎಳೆ ತೆಗೆದುಕೊಂಡರು. ಇನ್ನೊಂದು ಕೈಯಿಂದ ಫೋನು ಮುಂದೆ ಸರಿಸಿದರು.

"ತಂಗೀಗ ಫೋನ್ ಹಚ್ಚು. ಎಳಿ ನಾ ಹಿಡೀತೇನಿ."