ಸೀಸದ ಮಾಳಿಗೆ, ಅಟ್ಟದ ನಾಗಪ್ಪ

ಸೋರುವ ಮಾಳಿಗೆ ರಿಪೇರಿಗೆ ಹೋದವನ ತಲೆಯ ಮೇಲೆ ನೀರಿಗಿಂತ ಮೊದಲು ಮಂದಿಯ ಮಾತು ಬೀಳುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ತಗಡಿನ ಅಂಗಡಿ ಇಟ್ಟಾಗಿನಿಂದ ನೋಡುತ್ತಿದ್ದೇನೆ, ನಾನು ಎಲ್ಲಿ ಏಣಿ ಹಚ್ಚಿದರೂ ಅಲ್ಲೊಂದು ಫಜೀತಿ ಆಗಿಯೇ ತೀರುತ್ತದೆ. ಆದರೆ ಧಾರವಾಡದ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದೇ ಬೇಸಿಗೆಯಲ್ಲಿ ಆದಷ್ಟು ಫಜೀತಿ ಮತ್ತೆಲ್ಲಿಯೂ ಆಗಿಲ್ಲ.

ಶಾಲೆ ಇದ್ದದ್ದು ಒಂದು ಹಳೆಯ ಬಂಗಲೆಯಲ್ಲಿ. ಕಟ್ಟಿಸಿದ ಇಂಗ್ಲಿಷ್ ಸಾಹೇಬ ತನ್ನ ದೇಶದ ರೂಢಿಯಂತೆ ಮೇಲೆ ಹಲಗೆ ಬಡಿಸಿ, ಅದರ ಮೇಲೆ ಸೀಸದ ತಗಡು ಹೊದಿಸಿದ್ದ. ಅವನು ಊರಿಗೆ ಹೋದ ಮೇಲೆ ಒಬ್ಬ ಅರಳೆ ವ್ಯಾಪಾರದ ಸಾವಕಾರರು ಬಂಗಲೆ ಕೊಂಡು, ಪುಣ್ಯದ ಕೆಲಸವೆಂದು ಶಾಲೆಗೆ ಬಿಟ್ಟುಕೊಟ್ಟಿದ್ದರು. ಹಿಂದಿನ ಮಳೆಗಾಲದಲ್ಲಿ ತಪಾಸಣೆಗೆ ಬಂದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರ ತಲೆಯ ರುಮಾಲಿನ ಮೇಲೆ ಧಾರೆಯಾಗಿ ನೀರು ಬಿದ್ದು, ಅವರು ಶಾಲೆಗೆ ಮಂಜೂರಾತಿ ಕೊಡದೆ ಎದ್ದು ಹೋಗಿದ್ದರು. ಈ ಸಲವೂ ಮಂಜೂರಾತಿ ಸಿಗದಿದ್ದರೆ ಬಂಗಲೆಯನ್ನು ಅರಳೆಯ ಗೋದಾಮು ಮಾಡುವುದಾಗಿ ಸಾವಕಾರರು ಹೇಳಿಬಿಟ್ಟಿದ್ದರು.

ಶಾಲೆ ನಡೆಸುತ್ತಿದ್ದ ಅಕ್ಕಾವರು ನನ್ನನ್ನು ಕರೆಸಿ ಒಂದೇ ಮಾತು ಹೇಳಿದರು. “ಮಿಸ್ತ್ರೀ, ಮಿರಗದ ಮಳಿ ಹಿಡಿದಾಗ ಸಾಹೇಬ್ರು ಬರ್ತಾರ. ಒಂದು ಹನಿ ಬಿತ್ತಂದ್ರ ನಮ್ಮ ಸಾಲಿ ಮುಗೀತು. ಈ ಹುಡುಗ್ಯಾರೆಲ್ಲಾ ಮತ್ತ ಮನ್ಯಾಗ ಮುಸುರಿ ತಿಕ್ಕೋತ ಕೂಡ್ತಾರ.”

“ಬಿಡ್ರಿ ಅಕ್ಕಾವ್ರ, ಹನಿ ಅಲ್ಲ, ಹನಿ ಸಪ್ಪಳಾನೂ ಬರೂದಿಲ್ಲ,” ಎಂದೆ. ಎದೆ ಉಬ್ಬಿಸಿ ಹೇಳಿದೆನೇ ಹೊರತು, ರೈಲಿನಲ್ಲಿ ಹಿಂದಿರುಗುವಾಗ ಉಣಕಲ್ ಕೆರೆ ಕಂಡದ್ದೇ ಕಿಟಕಿಯಿಂದ ಮುಖ ತಿರುಗಿಸಿ ಕೂತೆ. ಅಷ್ಟು ನೀರು ನೋಡಿದರೆ ಯಾವ ತಗಡಿನವನಿಗೂ ಧೈರ್ಯ ಉಳಿಯುವುದಿಲ್ಲ.

ಬಂತು!

ಸೋರಿಕೆ ಬಲು ಮೋಸದ್ದು. ನೀರು ಒಳಗೆ ನುಗ್ಗುವುದು ಒಂದು ಕಡೆ, ತೊಲೆಯ ಗುಂಟ ಹರಿದು ಬಂದು ಹನಿಯುವುದು ಇನ್ನೊಂದು ಕಡೆ. ಹಾಗಾಗಿ ನಾನು ಮೇಲೆ ಕೂತು ಒಂದೊಂದೇ ತಗಡಿನ ಮೇಲೆ ಕೊಡದಿಂದ ನೀರು ಸುರಿಯುವುದು, ಕೆಳಗೆ ನಿಂತವರು ನೋಡಿ ಕೂಗುವುದು ಎಂದು ಗೊತ್ತು ಮಾಡಿದೆವು. ಕೂಗುವ ಕೆಲಸಕ್ಕೆ ಗಣಿತದ ಮಾಸ್ತರರು ಒಪ್ಪಿಕೊಂಡರು. ವಯಸ್ಸಾದವರು, ಗಂಟಲು ಮಾತ್ರ ಗಟ್ಟಿ.

ಮೊದಮೊದಲು ಸದ್ದಿಲ್ಲ. ನನಗೆ ಹಿಗ್ಗಾಯಿತು. ಮುಂದಿನ ತಗಡಿಗೆ ಸುರಿದೆ, “ಬಂತು!” ಎಂಬ ಕೂಗು ಬಂತು. ಅಲ್ಲೊಂದು ಸುಣ್ಣದ ಗುರುತು ಹಾಕಿದೆ. ಪಕ್ಕದ ತಗಡಿಗೆ ಸುರಿದೆ. “ಬಂತ್ರೀ, ಬಂತು!” ಮತ್ತೊಂದು ಗುರುತು. ಆಮೇಲೆ ಕೂಗು ನಿಲ್ಲಲೇ ಇಲ್ಲ. ಮಾಳಿಗೆಯ ಅರ್ಧ ಭಾಗಕ್ಕೆ ಗುರುತು ಬಿದ್ದಾಗ ಕೊಡ ಕೆಳಗಿಟ್ಟೆ. ಇಷ್ಟೂ ಕೆಟ್ಟಿದ್ದರೆ ಮಳೆಗಿಂತ ಮೊದಲು ಮುಗಿಸುವುದು ಯಾರಿಂದಲೂ ಆಗದ ಮಾತು. ಅಕ್ಕಾವರಿಗೆ ಯಾವ ಮುಖ ತೋರಿಸಲಿ ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ.

ಕೊನೆಗೆ ಅಂಚಿಗೆ ಬಗ್ಗಿ ಕೇಳಿದೆ, “ಮಾಸ್ತರ, ಎಲ್ಲೆಲ್ಲಿ ಬಂತ್ರಿ?”

“ಎಲ್ಲೆಲ್ಲಿ ಅಂದ್ರ? ಚಹಾ ಬಂತು! ಆಗಿಂದ ಒದರಾಕತ್ತೇನಿ. ಆರಿ ಹೋತು, ಲಗೂ ಇಳೀರಿ!”

“ಮತ್ತ ನೀರು?”

“ನೀರು ಬಿದ್ರ ಬಿತ್ತು ಅಂತಿದ್ದೆ. ತಗಡಿನವ್ರಿಗೆ ಇಷ್ಟೂ ವ್ಯಾಕರಣ ಬ್ಯಾಡೇನು?”

ಸುಣ್ಣ

ಎರಡನೆಯ ಸುತ್ತಿನಲ್ಲಿ ಸೋರುವ ತಗಡುಗಳು ಸಿಕ್ಕವು. ಮೇಲಿನಿಂದ ನೋಡಿದರೆ ಏನೂ ಆಗಿರಲಿಲ್ಲ, ಬೂದು ಬಣ್ಣದ ಒಳ್ಳೆಯ ಸೀಸ. ಒಂದನ್ನು ಎತ್ತಿ ಮಗುಚಿದೆ. ಕೆಳಮೈ ತುಂಬ ಬೆಳ್ಳಗಿನ ಪುಡಿ, ಬೆರಳಿನಿಂದ ಕೆರೆದರೆ ಪದರು ಪದರಾಗಿ ಉದುರಿತು. ಮೇಲಿನ ಮಳೆ ಏನೂ ಮಾಡದ ಸೀಸವನ್ನು ಕೆಳಗಿನಿಂದ ಏನೋ ತಿನ್ನುತ್ತಿತ್ತು. ಅಂಥದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಾವಕಾರರಿಗೆ ತೋರಿಸೋಣವೆಂದು ಆ ಪುಡಿಯನ್ನು ಒಂದು ಎಲೆಯ ಚೂರಿನಲ್ಲಿ ಹಾಕಿ ಕಿಟಕಿಯಲ್ಲಿಟ್ಟು ಕೈ ತೊಳೆಯಲು ಹೋದೆ.

ಬಂದು ನೋಡಿದರೆ ಮಾಸ್ತರರು ಕಿಟಕಿಯ ಹತ್ತಿರ ನಿಂತು ವೀಳ್ಯದೆಲೆ ಅಗಿಯುತ್ತಿದ್ದರು.

“ಮಿಸ್ತ್ರೀ, ನಿಮ್ಮ ಸುಣ್ಣ ಛಲೋ ಅದರಿ. ನಾಲಿಗಿ ಸುಡೂದಿಲ್ಲ, ಸ್ವಲ್ಪ ಸವಿನೂ ಅದ.”

“ಉಗುಳ್ರಿ! ಅದು ಸುಣ್ಣ ಅಲ್ಲ, ಸೀಸದ ವಿಷ!” ಎಂದು ಚೀರಿದೆ. ಮಾಸ್ತರರು ಉಗುಳಿದರು, ಬಾಯಿ ತೊಳೆದರು, ಮತ್ತೆ ಮತ್ತೆ ತೊಳೆದರು. ಅಕ್ಕಾವರು ಡಾಕ್ಟರರಿಗೆ ಟಾಂಗಾ ಕಳಿಸಿದರು. ನನಗೆ ಜೇಲಿನ ಗೋಡೆಗಳೇ ಕಣ್ಣ ಮುಂದೆ ಬಂದವು. ಖರೇ ಹೇಳುತ್ತೇನೆ, ಅಷ್ಟು ಹೆದರಿದ್ದು ಮಾಳಿಗೆಯಿಂದ ಕಾಲು ಜಾರಿದಾಗಲೂ ಇಲ್ಲ.

ಮಾಸ್ತರರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಮರುದಿನ ಪರೀಕ್ಷೆಯ ಫಲಿತಾಂಶ ಹೇಳುವುದಿತ್ತು. ಗಣಿತದಲ್ಲಿ ಅವರು ಅರ್ಧ ತರಗತಿಯನ್ನು ನಪಾಸು ಮಾಡಿದ್ದರು. ಈಗ ಕ್ಷೀಣ ದನಿಯಲ್ಲಿ ಅಕ್ಕಾವರನ್ನು ಕರೆದರು. “ಅಕ್ಕಾವ್ರ, ಹೋಗೂ ಮುಂದ ಯಾರ ಶಾಪಾನೂ ಬ್ಯಾಡ. ಎಲ್ಲಾ ಹುಡುಗ್ಯಾರ್ನೂ ಪಾಸ್ ಮಾಡೇನಿ ಅಂತ ಹೇಳಿಬಿಡ್ರಿ.” ಅಕ್ಕಾವರು ಹೊರಗೆ ಹೋಗಿ ಹೇಳಿಯೂ ಬಿಟ್ಟರು. ಅಂಗಳದಲ್ಲಿ ಹುಡುಗಿಯರ ಕೇಕೆ ಮುಗಿಲು ಮುಟ್ಟಿತು.

ಡಾಕ್ಟರರು ಬಂದು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. ನುಂಗಿಲ್ಲವಾದ್ದರಿಂದ ಅಪಾಯವಿಲ್ಲ ಎಂದರು. ನಾನು ಅಲ್ಲಿಯೇ ನೆಲಕ್ಕೆ ಕೂತು ಉಸಿರುಬಿಟ್ಟೆ. ಮಾಸ್ತರರು ಮಾತ್ರ ತಟ್ಟನೆ ಎದ್ದು ಕೂತರು.

“ಅಕ್ಕಾವ್ರ, ಆ ಫಲಿತಾಂಶ ವಾಪಸ್ ತಗೋರಿ. ನಾ ಸಾಯಾಂವ ಅಂತ ತಿಳದು ಪಾಸ್ ಮಾಡಿದ್ದೆ!”

ಅಕ್ಕಾವರು ಸಮಾಧಾನದಿಂದ ಹೇಳಿದರು, “ನೀವು ಬದುಕಿದ್ದು ಹುಡುಗ್ಯಾರ ತಪ್ಪಲ್ಲ ಬಿಡ್ರಿ ಮಾಸ್ತರ.”

ನಾಗಪ್ಪ

ಕೆಟ್ಟ ಸೀಸವನ್ನೆಲ್ಲ ಬಿಚ್ಚಿ, ಹಿತ್ತಿಲಲ್ಲಿ ಕರಗಿಸಿ, ಉಸುಕಿನ ಹಾಸಿನ ಮೇಲೆ ಹೊಯ್ದು ಹೊಸ ತಗಡು ಮಾಡಿದೆ. ಸೀಸ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಮೊಳೆ ಬಡಿದು ಬಿಗಿದರೆ ಸೀಳುತ್ತದೆ. ಅದಕ್ಕೆ ಸಣ್ಣ ಸಣ್ಣ ತಗಡು ಮಾಡಿ, ಅಂಚುಗಳನ್ನು ಒಂದರ ಮೇಲೊಂದು ಮಡಚಿ, ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಕೂಡಿಸಿದೆ. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಆ ಬಿಳಿ ಪುಡಿಯ ಕಾರಣ ಸಿಗದಿದ್ದರೆ ಹೊಸ ತಗಡೂ ನಾಲ್ಕು ದಿನಕ್ಕೆ ಜರಡಿಯಾಗುತ್ತಿತ್ತು. ಕಾರಣ ಇದ್ದದ್ದು ಹಲಗೆಯ ಕೆಳಗಿನ ಅಟ್ಟದಲ್ಲಿ. ಅಟ್ಟಕ್ಕೆ ಬೀಗ, ಕೀಲಿ ಸಾವಕಾರರ ಉಡಿದಾರದಲ್ಲಿ.

“ಅಟ್ಟಕ್ಕ ಯಾರೂ ಹೋಗೂಹಂಗಿಲ್ಲ,” ಎಂದರು ಸಾವಕಾರರು. “ಅಲ್ಲಿ ನಾಗಪ್ಪ ಅದಾನ. ಸಂಜೀಕ ನಾನ ಹೋಗಿ ಹಾಲು ಇಟ್ಟು ಬರ್ತೇನಿ.”

ಸಾವಕಾರರು ಸಂಜೆ ಬಟ್ಟಲು ಹಿಡಿದು ಅಟ್ಟ ಹತ್ತುವುದನ್ನು ನಾನೂ ನೋಡಿದ್ದೆ. ಬಹಳ ಹೊತ್ತು ಇದ್ದು, ಮುಖ ಒರೆಸಿಕೊಳ್ಳುತ್ತ ಇಳಿಯುತ್ತಿದ್ದರು. ಎಂಥ ಭಕ್ತಿ ಎಂದುಕೊಂಡಿದ್ದೆ.

ಹಾವೆಂದರೆ ನನಗೆ ಕೈಕಾಲು ಆಡುವುದಿಲ್ಲ. ಆದರೂ ಅಕ್ಕಾವರ ಮುಖ ನೆನೆದು ಒಂದು ಮಧ್ಯಾಹ್ನ ತಗಡು ಎತ್ತಿ, ಹಲಗೆಯ ಸಂದಿಗೆ ಕಣ್ಣು ಹಚ್ಚಿದೆ. ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಬಡಿಯಿತು, ಹುಳಿಹುಳಿ ವಾಸನೆ. ಕತ್ತಲಲ್ಲಿ ಹುಲ್ಲು ಕಂಡಿತು. ಹುಲ್ಲಿನಲ್ಲಿ ಗುಂಡಗೆ, ನುಣ್ಣಗೆ, ಸಾಲುಸಾಲಾಗಿ ಏನೋ ಇದ್ದವು. ಕೊಡತಿ ಕೈಜಾರಿ ಬಿತ್ತು. ನಾನು ಏಣಿಯ ಮೆಟ್ಟಿಲು ತುಳಿದೆನೋ ಇಲ್ಲವೋ, ಅಂಗಳದಲ್ಲಿದ್ದೆ.

“ಸಾವ್ಕಾರ್ರ, ಅಟ್ಟದಾಗ ಮೊಟ್ಟಿ ಅದಾವ್ರಿ!”

ಸಾವಕಾರರ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ಗಂಭೀರವಾಗಿ ತಲೆಯಾಡಿಸಿದರು. “ಹೌದು. ಮರಿ ಮಾಡೂ ಕಾಲ ಇದು. ಅತ್ತಾಗ ಹಾಯಬ್ಯಾಡ.”

“ಮುಷ್ಟಿಗಿಂತ ದೊಡ್ಡುವು ಅದಾವಲ್ರಿ?”

“ಹಾವೂ ಹಂಗ ಐತಿ.”

“ಮತ್ತ ಆ ಹಬಿ? ಅದ ನೋಡ್ರಿ ಸೀಸ ತಿನ್ನೂದು.”

“ಅದು ನಾಗಪ್ಪನ ಉಸುರು. ವಿಷದ ಉಸುರಿಗೆ ಸೀಸ ತಾಳ್ತೈತೇನು? ಇಷ್ಟು ವರ್ಷ ಕೆಲಸ ಮಾಡಿ ಇದೂ ಗೊತ್ತಿಲ್ಲ ನಿನಗ!”

ಹಬೆಯಿಂದಲೇ ಸೀಸ ಕೆಡುತ್ತದೆ ಎಂಬುದು ನನಗೂ ಹೊಳೆದಿತ್ತು, ಆದ್ದರಿಂದ ಸಾವಕಾರರ ಮಾತು ತೂಕದ್ದೆನಿಸಿತು. ಗಾಳಿಯಾಡಲೆಂದು ಎರಡೂ ಬದಿಯ ಗೋಡೆಗೆ ಹೊರಗಿನಿಂದಲೇ ಕಿಂಡಿ ಕೊರೆದೆ. ಕೊರೆಯುವಾಗ ಒಳಗಿದ್ದವನಿಗೆ ಸಿಟ್ಟು ಬರಬಾರದೆಂದು ಕೈಮುಗಿದು ಕ್ಷಮೆಯನ್ನೂ ಕೇಳಿದೆ.

ಹನಿ

ಮಿರಗದ ಮಳೆ ಹಿಡಿಯಿತು. ತಪಾಸಣೆಯ ತಯಾರಿಗೆಂದು ಅಕ್ಕಾವರೂ ಹುಡುಗಿಯರೂ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ ಶಾಲೆಯಲ್ಲೇ ಇರತೊಡಗಿದರು. ಅಷ್ಟು ಮಂದಿಯ ನಡುವೆ ಸಾವಕಾರರಿಗೆ ನಾಗಪ್ಪನ ಸೇವೆಗೆ ಹೋಗಲು ಆಗುತ್ತಿರಲಿಲ್ಲ. ಪಡಸಾಲೆಗೆ ಬಂದು ಮೇಲೆ ನೋಡಿ, ನಿಟ್ಟುಸಿರುಬಿಟ್ಟು ಹೋಗುತ್ತಿದ್ದರು. ಶಾಲೆಯ ಚಿಂತೆ ಇರಬೇಕೆಂದು ನಮಗೆಲ್ಲ ಕನಿಕರ.

ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ಮುಗಿಲು ಹರಿದುಬಿದ್ದಂಥ ಮಳೆ. ಹಿಂದಿನ ವರ್ಷದ ನೆನಪಿಗೆ ಅವರು ಕುರ್ಚಿಯಲ್ಲಿ ಕೂತ ಮೇಲೂ ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಲಕ್ಕೆ ಸಾವಕಾರರು, ಹೆಣ್ಣುಮಕ್ಕಳ ಕಡೆ ಅವರ ಹೆಂಡತಿ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೇಲೆ ನೋಡಬಾರದೆಂದು ಅಕ್ಕಾವರು ಹುಡುಗಿಯರಿಗೆ ತಾಕೀತು ಮಾಡಿದ್ದರು. ಹಾಗಾಗಿ ಎಲ್ಲರೂ ಮೇಲೆಯೇ ನೋಡುತ್ತಿದ್ದರು.

ಸಾಹೇಬರು ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು, “ಎಲ್ಲಾಕ್ಕಿಂತ ಹೆಚ್ಚು ಮಳಿ ಎಲ್ಲಿ ಬೀಳ್ತದವಾ?”

ಅವಳು ಚಾವಣಿಯಿಂದ ಕಣ್ಣು ಕೀಳದೆ, “ಇಲ್ಲಂತೂ ಬೀಳೂದಿಲ್ರೀ!” ಎಂದಳು.

ಸಾಹೇಬರು ನಕ್ಕರು. ಮಳೆ ಇನ್ನೂ ಜೋರಾಯಿತು. ಮಾಳಿಗೆಯ ಮೇಲೆ ಹೊಡೆತ ಕೇಳುತ್ತಿತ್ತು, ಒಳಗೆ ಮಾತ್ರ ಒಣಗಿದ ನೆಲ. ಅಕ್ಕಾವರು ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತು. ಸಾಹೇಬರು ಛತ್ರಿಯನ್ನು ಕೆಳಗಿಟ್ಟು, “ಛಲೋ ಆಗ್ಯದ,” ಎನ್ನುತ್ತ ಮಂಜೂರಾತಿಯ ಕಾಗದಕ್ಕೆ ಕೈ ಮುಂದೆ ಮಾಡಿದರು.

ಟಪ್ ಎಂದು ಆ ಕೈಯ ಮೇಲೆ ಒಂದು ಹನಿ ಬಿತ್ತು.

ಅಕ್ಕಾವರು ಮೇಜಿನ ಅಂಚು ಹಿಡಿದುಕೊಂಡರು. ಇನ್ನೊಂದು ಹನಿ ಬಿತ್ತು. ಸಾಹೇಬರು ಕೈಯನ್ನು ಕಣ್ಣಿನ ಹತ್ತಿರ ಹಿಡಿದರು, ಮೂಗಿನ ಹತ್ತಿರ ಹಿಡಿದರು. ಆಮೇಲೆ, ನಾನು ಬೇಡವೆಂದು ಕೂಗುವುದರೊಳಗೆ, ನೆಕ್ಕಿಬಿಟ್ಟರು.

“ಆಪೂಸ್ ಹಣ್ಣಿನ ರಸ!” ಎಂದರು.

ಕೀಲಿ ಕೇಳಿದರು. ಸಾವಕಾರರು ತೊದಲಿದರು, “ಮ್ಯಾಲ ನಾಗಪ್ಪ ಅದಾನ್ರೀ ಸಾಹೇಬ್ರ, ಹೋಗೂದು ಬ್ಯಾಡ್ರಿ.” ಅಷ್ಟರಲ್ಲಿ ಅವರ ಹೆಂಡತಿ ಎದ್ದು ಬಂದರು. ಗಂಡನ ಮುಂದೆ ಕೈ ಚಾಚಿದರು. ಕೀಲಿ ಆ ಕೈಗೆ ಹೋಯಿತು.

ಮೇಲೆ ಹತ್ತಿದೆವು. ಅಟ್ಟದ ತುಂಬ ಹುಲ್ಲು, ಹುಲ್ಲಿನ ತುಂಬ ಮಾಗಲೆಂದು ಅಡಿ ಹಾಕಿದ ಮಾವಿನಹಣ್ಣು, ನಡುವೆ ಒಂದು ಮಣೆ, ಒಂದು ಚಾಕು, ಗೊರಟದ ರಾಶಿ. ನೋಡಿಕೊಳ್ಳುವವರಿಲ್ಲದೆ ಹಣ್ಣು ಮಾಗಿ, ಒಡೆದು, ರಸ ಅಟ್ಟದ ನೆಲದ ಹಲಗೆಯ ಸಂದಿಯಿಂದ ಇಳಿಯುತ್ತಿತ್ತು. ಸೀಸದ ಮಾಳಿಗೆ ಕಾಯ್ದು ಅಟ್ಟ ಬೆಚ್ಚಗಿರುವುದರಿಂದ ಹಣ್ಣು ಬೇಗ ಮಾಗುತ್ತದೆಂದು ಸಾವಕಾರರು ಕಂಡುಕೊಂಡಿದ್ದರು. ಬಂಗಲೆ ಕೊಂಡಾಗಿನಿಂದ ವರ್ಷ ವರ್ಷ ಆ ಹುಳಿ ಹಬೆ ಏರಿ ಏರಿ ಸೀಸವನ್ನು ಕೆಳಗಿನಿಂದ ತಿಂದಿತ್ತು. ಅವರಿಗೆ ಸಕ್ಕರೆ ರೋಗ. ಡಾಕ್ಟರರು ಹಣ್ಣು ಮುಟ್ಟಬಾರದೆಂದಿದ್ದರು, ಮನೆಯಲ್ಲಿ ಹೆಂಡತಿಯ ಕಾವಲು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಬೇಸಿಗೆ ಪೂರ್ತಿ ನಾನು ಮಾವಿನಹಣ್ಣಿಗೆ ಹೆದರಿದ್ದೆ.

ಕೆಳಗೆ ಬಂದು ಸಾಹೇಬರು ಕುರ್ಚಿಯಲ್ಲಿ ಕೂತರು. “ಮಂಜೂರಾತಿ ಕೊಡ್ತೇನಿ ಅಕ್ಕಾವ್ರ,” ಎಂದರು ಸಾಹೇಬರು, “ಮಳಿನೀರಂತೂ ಬಿದ್ದಿಲ್ಲ. ಆದ್ರ ಹನಿ ಬಿದ್ದದ್ದು ಖರೇ. ಸೋರೂದು ನಿಂತದ ಅಂತ ಬರೀಲೋ, ಬ್ಯಾಡೋ?”

ಉತ್ತರ ಕೊಟ್ಟವರು ಸಾವಕಾರರ ಹೆಂಡತಿ. ಕೀಲಿಯನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ ಹೇಳಿದರು:

“ಮಾಳಿಗಿ ಸೋರೂದು ನಿಂತೈತಿ ಅಂತ ಬರೀರಿ ಸಾಹೇಬ್ರ. ಇವ್ರ ಬಾಯಿ ಸೋರೂದನ್ನ ನಾ ನಿಂದರಸ್ತೇನಿ.”